ಆವರಿಕೆ ಎಲೆಯಿಂದ ಬೆಳ್ಳಿ ನ್ಯಾನೋ ಕಣ: ಪ್ರಾಜೆಕ್ಟ್ ಮಾಡುವವರಿಗೊಂದು ಕೈಪಿಡಿ

ಎಲೆ ಕುದಿಸಿ, ಸೋಸಿ, ಸಿಲ್ವರ್ ನೈಟ್ರೇಟ್ ಬೆರೆಸಿ ಇಟ್ಟರೆ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಇಷ್ಟಕ್ಕೆ ಅರ್ಧ ದಿನ ಸಾಕು. ಆ ಬಣ್ಣ ನಿಜವಾಗಿಯೂ ಬೆಳ್ಳಿ ನ್ಯಾನೋ ಕಣದ್ದೇ ಅಂತ ತೋರಿಸುವುದು ಮಾತ್ರ ಬೇರೆ ಕೆಲಸ. ವೈವಾದಲ್ಲಿ ಸಿಕ್ಕಿಬೀಳೋದೂ ಅಲ್ಲೇ. ದಾವಣಗೆರೆ, ಚಿತ್ರದುರ್ಗ ಕಡೆಯ ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟ್ರು ಇರುವಾಗ ಮಾಡಬೇಕಾದ ಕೆಲಸ ಇದು. ಅಡುಗೆಮನೆಯಲ್ಲಿ ಬೇಡ.

ಮೊದಲು ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ಸಿಲ್ವರ್ ನೈಟ್ರೇಟ್ ಅನ್ನೋದು ಬೆಳ್ಳಿಯ ಒಂದು ಲವಣ. ಅದು ನೀರಿನಲ್ಲಿ ಕರಗಿದಾಗ ಬೆಳ್ಳಿ ಅಯಾನು (ವಿದ್ಯುದಂಶ ಇರುವ ಪರಮಾಣು) ರೂಪದಲ್ಲಿ ಇರುತ್ತದೆ. ಎಲೆಯಲ್ಲಿರುವ ಟ್ಯಾನಿನ್, ಫ್ಲೇವನಾಯ್ಡ್, ಸಕ್ಕರೆ ಮುಂತಾದವು ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಲೋಹದ ಬೆಳ್ಳಿ ಮಾಡುತ್ತವೆ. ಬೆಳ್ಳಿಯ ಪರಮಾಣುಗಳು ಗುಂಪುಗೂಡಿ ಕಣ ಆಗುತ್ತವೆ. ಆ ಕಣ 100 ನ್ಯಾನೋಮೀಟರಿಗಿಂತ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು) ದೊಡ್ಡದಾಗುವ ಮೊದಲೇ ಎಲೆಯ ಪ್ರೋಟೀನು, ಪಾಲಿಫಿನಾಲುಗಳು ಅದರ ಮೈಗೆ ಅಂಟಿಕೊಂಡು, ಒಂದಕ್ಕೊಂದು ಸೇರದಂತೆ ತಡೆಯುತ್ತವೆ. ಕಣದ ಮೇಲ್ಮೈಯ ಎಲೆಕ್ಟ್ರಾನುಗಳು ಬೆಳಕಿನ ಜೊತೆ ಒಟ್ಟಾಗಿ ಕಂಪಿಸುವುದರಿಂದ 400ರಿಂದ 450 ನ್ಯಾನೋಮೀಟರ್ ನಡುವಿನ ನೇರಳೆ-ನೀಲಿ ಬೆಳಕು ಹೀರಲ್ಪಡುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿ, ಕಂದು ಆಗಿ ಕಾಣುತ್ತದೆ.

ಯಾವ ಗಿಡ?

ಬೇವು ಬೇಡ ಅನ್ನೋದು ನನ್ನ ಸಲಹೆ. ಪುಣೆಯ ನ್ಯಾಷನಲ್ ಕೆಮಿಕಲ್ ಲ್ಯಾಬೊರೇಟರಿಯ ಮುರಳಿ ಸಾಸ್ತ್ರಿ ಅವರ ತಂಡ ಬೇವಿನ ಎಲೆಯ ಕಷಾಯದಲ್ಲಿ ಬೆಳ್ಳಿ, ಚಿನ್ನ ಎರಡರ ನ್ಯಾನೋ ಕಣಗಳನ್ನೂ ಮಾಡಿ 2004ರಲ್ಲೇ ಪ್ರಕಟಿಸಿದೆ. ಆಮೇಲೆ ಬೇವು, ತುಳಸಿ, ಲೋಳೆಸರದ ಮೇಲೆ ಲೆಕ್ಕವಿಲ್ಲದಷ್ಟು ಜನ ಇದೇ ಕೆಲಸ ಮಾಡಿದ್ದಾರೆ. ಕೈ ಪಳಗಿಸಿಕೊಳ್ಳಲು ಬೇವು ಒಳ್ಳೆಯದು. ಪ್ರಾಜೆಕ್ಟಿಗೆ ನಮ್ಮ ಬಯಲುಸೀಮೆಯಲ್ಲಿ ಸಿಗುವ ಬೇರೆ ಏನಾದರೂ ತಗೊಳ್ಳಿ.

ಆವರಿಕೆ ಚೆನ್ನಾಗಿ ಕೆಲಸ ಮಾಡುತ್ತದೆ. ತಂಗಡಿ ಅಂತಲೂ ಕರೆಯುತ್ತಾರೆ. ಹಳದಿ ಹೂವಿನ ಪೊದೆ, ಚಳ್ಳಕೆರೆ, ಹಿರಿಯೂರು ಕಡೆಯ ಬೀಳು ಜಮೀನಿನಲ್ಲಿ ಸುಮ್ನೆ ಬೆಳೆದು ನಿಂತಿರುತ್ತದೆ. ಇದರ ತೊಗಟೆಯನ್ನು ಹಿಂದೆ ಚರ್ಮ ಹದ ಮಾಡಲು ಬಳಸುತ್ತಿದ್ದರು. ಅಂದರೆ ಟ್ಯಾನಿನ್ ಜಾಸ್ತಿ. ನಮಗೆ ಬೇಕಾದದ್ದೂ ಅದೇ. ಲಕ್ಕಿ ಸೊಪ್ಪು, ಸೀತಾಫಲದ ಎಲೆ, ಹೊಂಗೆ ಎಲೆ ಕೂಡ ಆಗುತ್ತವೆ. ಚನ್ನಗಿರಿ ಕಡೆಯವರು ಅಡಿಕೆ ಬೇಯಿಸಿದ ಚೊಗರನ್ನೂ ಪ್ರಯತ್ನಿಸಬಹುದು. ಅದು ಮೊದಲೇ ಕಡು ಕೆಂಪು-ಕಂದು ಇರುವುದರಿಂದ ಬಣ್ಣ ನೋಡಿ ಏನನ್ನೂ ಹೇಳಲು ಆಗಲ್ಲ. ಸ್ಪೆಕ್ಟ್ರೋಫೋಟೋಮೀಟರ್ (ಯಾವ ಬಣ್ಣದ ಬೆಳಕು ಎಷ್ಟು ಹೀರಲ್ಪಟ್ಟಿದೆ ಅಂತ ಅಳೆಯುವ ಯಂತ್ರ) ಕೈಗೆ ಸಿಗುವವರು ಮಾತ್ರ ಅದನ್ನು ಮುಟ್ಟಿ.

ಎಲೆಗೆಂದು ಜೋಗಿಮಟ್ಟಿ ಹತ್ತಬೇಡಿ. ಅದು ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಎಲೆ ಕೀಳುವಂತಿಲ್ಲ. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಗಿಡವೂ ಬೇಡ, ಎಲೆ ತುಂಬಾ ದೂಳು, ಹೊಗೆ ಇರುತ್ತದೆ. ಪರಿಚಯದವರ ಹೊಲದ ಬದುವಿನಿಂದ ತನ್ನಿ. ಹೂವು, ಕಾಯಿ ಇರುವ ಒಂದು ರೆಂಬೆಯನ್ನು ಒತ್ತಿ ಒಣಗಿಸಿ, ಸಸ್ಯಶಾಸ್ತ್ರ ವಿಭಾಗದಲ್ಲಿ ಗಿಡದ ಹೆಸರು ಖಚಿತ ಮಾಡಿಸಿ, ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ನಂಬರ್ ಬರೆದಿಟ್ಟುಕೊಳ್ಳಿ. ಕಿತ್ತ ತಿಂಗಳು, ಊರು, ಎಳೆ ಎಲೆಯೋ ಬಲಿತದ್ದೋ ಅನ್ನೋದೂ ಇರಲಿ. ಬೇಸಿಗೆಯ ಎಲೆ ಮತ್ತು ಮಳೆಗಾಲದ ಎಲೆ ಒಂದೇ ಥರ ವರ್ತಿಸುವುದಿಲ್ಲ.

ನೀರು: ಅರ್ಧ ಪ್ರಾಜೆಕ್ಟ್ ಕೆಡುವುದು ಇಲ್ಲೇ

ನಮ್ಮ ಕಡೆ ಈ ವಿಷಯಕ್ಕೆ ಜಾಸ್ತಿ ಗಮನ ಬೇಕು. ಬೋರ್‌ವೆಲ್ ನೀರು ಗಡಸು, ಉಪ್ಪೂ ಇರುತ್ತದೆ. ಬೆಳ್ಳಿ ಅಯಾನು ಕ್ಲೋರೈಡನ್ನು ಕಂಡರೆ ಬಿಡುವುದಿಲ್ಲ. ಎರಡೂ ಸೇರಿ ಸಿಲ್ವರ್ ಕ್ಲೋರೈಡ್ ಎಂಬ ಬಿಳಿ ಗಸಿ ಆಗುತ್ತದೆ, ಅದು ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು.

ಒಂದು ಲೆಕ್ಕ ನೋಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಇದ್ದರೂ ಭಾರತೀಯ ಮಾನಕದ ಪ್ರಕಾರ ಅದು ಸರಿಯಾದ ನೀರೇ. ಅಷ್ಟು ಕ್ಲೋರೈಡ್ ಅಂದರೆ ಸುಮಾರು 7 ಮಿಲಿಮೋಲಾರ್ (ಲೀಟರಿಗೆ ಒಂದು ಮೋಲಿನ ಸಾವಿರದ ಏಳು ಪಾಲು). ನಾವು ಬಳಸುವ ಬೆಳ್ಳಿ ಬರೀ 1 ಮಿಲಿಮೋಲಾರ್. ಕುಡಿಯಲು ಯೋಗ್ಯವಾದ ನೀರು ನಿಮ್ಮ ಬೆಳ್ಳಿಯನ್ನೆಲ್ಲ ನುಂಗಿ, ಇನ್ನೂ ಆರು ಮಿಲಿಮೋಲಾರಿನಷ್ಟು ಕ್ಲೋರೈಡ್ ಉಳಿಸಿಕೊಳ್ಳುತ್ತದೆ.

ಆದ್ದರಿಂದ ಡಿಸ್ಟಿಲ್ಡ್ ನೀರೇ ಬೇಕು. ಎರಡು ಸಲ ಬಟ್ಟಿ ಇಳಿಸಿದ್ದಾದರೆ ಇನ್ನೂ ಒಳ್ಳೆಯದು. ಆರ್‌ಓ ನೀರು ಸಾಲದು. ಅಂಗಡಿಯ ಬ್ಯಾಟರಿ ನೀರು ಕೆಲವೊಮ್ಮೆ ಸರಿ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಯಾವುದೇ ಇರಲಿ, ಬಳಸುವ ಮೊದಲು ಪರೀಕ್ಷೆ ಮಾಡಿ. ಪ್ರನಾಳದಲ್ಲಿ 10 ಮಿಲಿಲೀಟರ್ ನೀರು ಹಾಕಿ, 10 ಮಿಲಿಮೋಲಾರ್ ಸಿಲ್ವರ್ ನೈಟ್ರೇಟಿನ ಐದಾರು ಹನಿ ಬಿಡಿ. ಐದು ನಿಮಿಷ ಬಿಟ್ಟು ಕಪ್ಪು ಕಾಗದದ ಮುಂದೆ ಹಿಡಿದು ನೋಡಿ. ಸ್ವಲ್ಪ ಮಂಜು ಮಂಜಾಗಿ ಕಂಡರೂ ಆ ನೀರು ಬೇಡ.

ಗಾಜಿನ ಸಾಮಾನಿಗೂ ಇದೇ ನಿಯಮ. ಮೊದಲು ಸೋಪಿನಲ್ಲಿ ತೊಳೆದು, ಆಮೇಲೆ ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಜಾಲಿಸಿ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಬೇಡಿ, ಅದರಲ್ಲಿರುವುದೇ ಕ್ಲೋರೈಡ್. ನಲ್ಲಿ ನೀರಿನಲ್ಲಿ ಕೊನೆಯ ಜಾಲನೆ ಮುಗಿಸಿದರೆ ಮಾಡಿದ್ದೆಲ್ಲ ದಂಡ.

ಕಷಾಯ ಮಾಡುವುದು

ಎಲೆಯನ್ನು ಮೊದಲು ನಲ್ಲಿ ನೀರಿನಲ್ಲಿ, ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ನೀರಿನ ಪಸೆ ಆರಿದ ಮೇಲೆ ಸಣ್ಣಗೆ ಹೆಚ್ಚಿ 10 ಗ್ರಾಂ ತೂಗಿ. 100 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ 15 ನಿಮಿಷ ಕುದಿಸಿ. ಆರಿದ ಮೇಲೆ ಮೊದಲು ಬಟ್ಟೆಯಲ್ಲಿ, ಆಮೇಲೆ ವಾಟ್‌ಮನ್ ನಂಬರ್ 1 ಕಾಗದದಲ್ಲಿ ಸೋಸಿ. ಸೋಸಿದ್ದು ತಿಳಿಯಾಗಿರಬೇಕು. ಮಂದವಾಗಿದ್ದರೆ ಇನ್ನೊಮ್ಮೆ ಸೋಸಿ, ಇಲ್ಲದಿದ್ದರೆ ಆಮೇಲೆ ಸ್ಪೆಕ್ಟ್ರಂ ಓದುವಾಗ ತೊಂದರೆ. ನೆರಳಲ್ಲಿ ಒಣಗಿಸಿ ಪುಡಿ ಮಾಡಿದ ಎಲೆಯಾದರೆ 2 ಗ್ರಾಂನಿಂದ ಶುರು ಮಾಡಿ. ಒಣಪುಡಿಗೆ ಒಂದು ಅನುಕೂಲ ಇದೆ. ವರ್ಷವಿಡೀ ಒಂದೇ ಮಾಲು ಬಳಸಬಹುದು.

ಕಷಾಯವನ್ನು ಅಂದೇ ಬಳಸಿ. ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಕೆಲವು ದಿನ ಇಡಬಹುದು, ಆದರೆ ದಿನ ಕಳೆದಂತೆ ಅದು ತಾನಾಗಿಯೇ ಕಪ್ಪಾಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಿಲ್ವರ್ ನೈಟ್ರೇಟ್

ಇದು ದುಬಾರಿ. ಆದರೆ 5 ಗ್ರಾಂ ಇದ್ದರೆ 1 ಮಿಲಿಮೋಲಾರ್ ದ್ರಾವಣ 29 ಲೀಟರ್ ಆಗುತ್ತದೆ. ಇಡೀ ಕ್ಲಾಸಿಗೆ ಸಾಕು. 25 ಗ್ರಾಂ ಬಾಟಲಿಗೆ ದುಡ್ಡು ಸುರಿಯಬೇಡಿ.

1 ಮಿಲಿಮೋಲಾರಿಗೆ 100 ಮಿಲಿಲೀಟರಿಗೆ 17 ಮಿಲಿಗ್ರಾಂ ಬೇಕು. ಕಾಲೇಜಿನ ಸಾಮಾನ್ಯ ತಕ್ಕಡಿಯಲ್ಲಿ ಅಷ್ಟು ಸಣ್ಣ ತೂಕ ನಿಖರವಾಗಿ ಬರಲ್ಲ. ಅದಕ್ಕೆ 0.170 ಗ್ರಾಂ ತೂಗಿ 100 ಮಿಲಿಲೀಟರ್ ಮಾಡಿಟ್ಟುಕೊಳ್ಳಿ. ಇದು 10 ಮಿಲಿಮೋಲಾರ್. ಬೇಕಾದಾಗ ಹತ್ತು ಪಟ್ಟು ತೆಳು ಮಾಡಿ. ಕಂದು ಬಾಟಲಿಯಲ್ಲಿ ಹಾಕಿ, ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಕತ್ತಲೆಯಲ್ಲಿಡಿ.

ಕೈಗವಸು, ಕನ್ನಡಕ ಕಡ್ಡಾಯ. ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ಆಗುತ್ತದೆ, ದಿನಗಟ್ಟಲೆ ಹೋಗಲ್ಲ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಇನ್ನೊಂದು ಎಚ್ಚರಿಕೆ: ಸಿಲ್ವರ್ ನೈಟ್ರೇಟಿಗೆ ಅಮೋನಿಯಾ ಬೆರೆಸಿ ಇಡಬೇಡಿ, ನೈಟ್ರಿಕ್ ಆಮ್ಲ ಮತ್ತು ಆಲ್ಕೋಹಾಲ್ ಎರಡರ ಜೊತೆಗೂ ಸೇರಿಸಬೇಡಿ. ಎರಡೂ ಕಡೆ ಸಿಡಿಯುವ ವಸ್ತುಗಳು ಹುಟ್ಟುತ್ತವೆ. ಆಮ್ಲದಲ್ಲಿ ನೆನೆಸಿದ ಗಾಜನ್ನು ಆಲ್ಕೋಹಾಲಿನಲ್ಲಿ ಜಾಲಿಸುವ ಅಭ್ಯಾಸ ಇದ್ದವರು ಇಲ್ಲಿ ಅದನ್ನು ಬಿಟ್ಟುಬಿಡಿ.

ಬೆರೆಸುವುದು

1 ಮಿಲಿಮೋಲಾರಿನ 90 ಮಿಲಿಲೀಟರ್ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಕೋನಿಕಲ್ ಫ್ಲಾಸ್ಕಿಗೆ ಹಾಕಿ, ಕಲಕುತ್ತಾ 10 ಮಿಲಿಲೀಟರ್ ಕಷಾಯವನ್ನು ನಿಧಾನವಾಗಿ ಬಿಡಿ. ಬೆರೆಸಿದ ಕ್ಷಣವೇ ಹಾಲಿನ ಹಾಗೆ ಬೆಳ್ಳಗಾದರೆ ಕ್ಲೋರೈಡ್ ಇದೆ ಅಂತ ಅನುಮಾನಿಸಿ. ನೀರು ಸರಿ ಇದ್ದರೂ ಎಲೆಯಲ್ಲೇ ಕ್ಲೋರೈಡ್ ಇರಬಹುದು. ಚೌಳು ನೆಲದ ಗಿಡವಾದರೆ ಇನ್ನೂ ಜಾಸ್ತಿ.

ಆ ಫ್ಲಾಸ್ಕಿನ ಪಕ್ಕದಲ್ಲಿ ಇನ್ನೆರಡು ಇರಲೇಬೇಕು. ಒಂದರಲ್ಲಿ 90 ಮಿಲಿಲೀಟರ್ ಡಿಸ್ಟಿಲ್ಡ್ ನೀರು, 10 ಮಿಲಿಲೀಟರ್ ಕಷಾಯ. ಇನ್ನೊಂದರಲ್ಲಿ 90 ಮಿಲಿಲೀಟರ್ ಸಿಲ್ವರ್ ನೈಟ್ರೇಟ್, 10 ಮಿಲಿಲೀಟರ್ ನೀರು. ಮೂರಕ್ಕೂ ಒಂದೇ ಬಿಸಿ, ಒಂದೇ ಕತ್ತಲೆ, ಒಂದೇ ಹೊತ್ತು. ಕಷಾಯ ಮಾತ್ರ ಇರುವುದೂ ಕಂದಾದರೆ ನಿಮ್ಮ ಬಣ್ಣದ ಒಂದು ಪಾಲು ಕಷಾಯದ್ದೇ. ಸಿಲ್ವರ್ ನೈಟ್ರೇಟ್ ಮಾತ್ರ ಇರುವುದು ಕಪ್ಪಾದರೆ ಬೆಳಕು ಬಿದ್ದಿದೆ, ಇಲ್ಲವೇ ಗಾಜು ಕೊಳೆ. ಈ ಎರಡು ಫ್ಲಾಸ್ಕ್ ಇಲ್ಲದ ಫೋಟೋಗೆ ನಾನಂತೂ ಬೆಲೆ ಕೊಡಲ್ಲ.

ವಾಟರ್ ಬಾತಿನಲ್ಲಿ 60 ಡಿಗ್ರಿಯಲ್ಲಿಟ್ಟರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಸಾಮಾನ್ಯವಾಗಿ ಬಣ್ಣ ಬರುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಬೇಕಾಗಬಹುದು. 'ಕೋಣೆಯ ಉಷ್ಣಾಂಶ' ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಏಪ್ರಿಲ್ ಮಧ್ಯಾಹ್ನದ ದಾವಣಗೆರೆಯ ಕೋಣೆ ಬೇರೆ, ಡಿಸೆಂಬರ್ ಬೆಳಗಿನ ಕೋಣೆ ಬೇರೆ ಅಲ್ವಾ? ಥರ್ಮಾಮೀಟರ್ ನೋಡಿ ಅಂಕಿ ಬರೆಯಿರಿ. ನಡುವೆ ಕರೆಂಟ್ ಹೋದರೆ ಅದನ್ನೂ ಬರೆಯಿರಿ.

ಪಿಎಚ್ ಹೆಚ್ಚಾದಷ್ಟೂ ಕ್ರಿಯೆ ಬೇಗ ಆಗುತ್ತದೆ, ಕಣಗಳೂ ಸಾಮಾನ್ಯವಾಗಿ ಸಣ್ಣದಾಗುತ್ತವೆ. ತೀರಾ ಹೆಚ್ಚಿದರೆ ಸಿಲ್ವರ್ ಆಕ್ಸೈಡಿನ ಕಂದು ಗಸಿ ಬೀಳುತ್ತದೆ, ಅದನ್ನೂ ನ್ಯಾನೋ ಕಣ ಅಂದುಕೊಳ್ಳುವವರಿದ್ದಾರೆ. ಕಷಾಯದ ಪಿಎಚ್ ಸರಿಪಡಿಸಲು ತೆಳು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ತೆಳು ನೈಟ್ರಿಕ್ ಆಮ್ಲ ಬಳಸಿ. ಇಲ್ಲೂ ಹೈಡ್ರೋಕ್ಲೋರಿಕ್ ಬೇಡ. ಪಿಎಚ್ ಮೀಟರಿನ ಎಲೆಕ್ಟ್ರೋಡನ್ನು ಬೆಳ್ಳಿ ದ್ರಾವಣಕ್ಕೆ ಅದ್ದಲೇಬೇಡಿ. ಅದರೊಳಗೆ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಸ್ವಲ್ಪ ಸ್ವಲ್ಪವೇ ಹೊರಗೆ ಸೋರುತ್ತದೆ. ನಿಮ್ಮ ದ್ರಾವಣವೂ ಕೆಡುತ್ತದೆ, ಎಲೆಕ್ಟ್ರೋಡೂ ಕೆಡುತ್ತದೆ. ಪಿಎಚ್ ಕಾಗದ ಸಾಕು.

ಬಂದದ್ದು ಬೆಳ್ಳಿಯೇ?

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಕತ್ತಲೆ ಕೋಣೆಯಲ್ಲಿ ಲೇಸರ್ ಪಾಯಿಂಟರ್ ಬಿಡಿ, ಬೆಳಕಿನ ಗೆರೆ ದ್ರಾವಣದೊಳಗೆ ಕಾಣಬೇಕು. ಆದರೆ ಸರಿಯಾಗಿ ಸೋಸದ ಕಷಾಯವೂ ಗೆರೆ ತೋರಿಸುತ್ತದೆ. ಇದು ಸುಳಿವು ಮಾತ್ರ.

ನಿಜವಾದ ಮೊದಲ ಸಾಕ್ಷಿ ಸ್ಪೆಕ್ಟ್ರೋಫೋಟೋಮೀಟರ್ ಕೊಡುವ ಯುವಿ-ವಿಸಿಬಲ್ ಸ್ಪೆಕ್ಟ್ರಂ. ದ್ರಾವಣವನ್ನು ಐದರಿಂದ ಹತ್ತು ಪಟ್ಟು ತೆಳು ಮಾಡಿ, 300ರಿಂದ 700 ನ್ಯಾನೋಮೀಟರ್‌ವರೆಗೆ ಓದಿ. ಬ್ಲ್ಯಾಂಕ್ (ಹೋಲಿಕೆಯ ಮಾದರಿ) ಆಗಿ ಬರೀ ನೀರು ಬೇಡ, ಕಷಾಯ ಮಾತ್ರ ಇರುವ ಫ್ಲಾಸ್ಕಿನದನ್ನು ಅಷ್ಟೇ ಪಟ್ಟು ತೆಳು ಮಾಡಿ ಇಡಿ. 400-450ರ ನಡುವೆ ಗುಡ್ಡ ಎದ್ದಿರಬೇಕು. ಬರೀ ಇಳಿಜಾರು ಬಂದರೆ ಅದು ಕಷಾಯದ ಬಣ್ಣವೇ ಇರಬಹುದು. ಗುಡ್ಡ ಕಿರಿದಾಗಿದ್ದರೆ ಕಣಗಳ ಗಾತ್ರ ಹೆಚ್ಚು ಕಡಿಮೆ ಒಂದೇ. ಅಗಲವಾಗಿ 500ರ ಆಚೆಗೂ ಎಳೆದುಕೊಂಡಿದ್ದರೆ ಕಣಗಳು ಗುಂಪುಗಟ್ಟಿವೆ. ಶುರುವಿನಲ್ಲಿ ಹತ್ತು ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ ಓದಿಟ್ಟರೆ ಗುಡ್ಡ ಏರುವುದೇ ಒಂದು ಒಳ್ಳೆಯ ಗ್ರಾಫ್ ಆಗುತ್ತದೆ. ಏರಿಕೆ ನಿಂತ ಹೊತ್ತು ಕ್ರಿಯೆ ಮುಗಿದ ಹೊತ್ತು.

ಪುಡಿ ಮಾಡುವ ಮೊದಲು ಈ ಲೆಕ್ಕ ಮಾಡಿ

90 ಮಿಲಿಲೀಟರ್ 1 ಮಿಲಿಮೋಲಾರ್ ದ್ರಾವಣದಲ್ಲಿ ಇರುವ ಬೆಳ್ಳಿ ಒಟ್ಟು 9.7 ಮಿಲಿಗ್ರಾಂ. ಒಂದು ಕಣವೂ ಹಾಳಾಗದೆ ಎಲ್ಲ ಕೈಗೆ ಬಂದರೂ ಅಷ್ಟೇ. ಎಕ್ಸ್‌ಆರ್‌ಡಿಗೆ (ಎಕ್ಸ್-ಕಿರಣದಿಂದ ಸ್ಫಟಿಕ ಗುರುತಿಸುವ ಪರೀಕ್ಷೆ) ಪುಡಿ ಕಳಿಸಬೇಕು ಅಂದರೆ ಲೀಟರ್ ಲೆಕ್ಕದಲ್ಲಿ ಮಾಡಬೇಕಾಗುತ್ತದೆ. ಇಲ್ಲವೇ ಗಾಜಿನ ಸ್ಲೈಡಿನ ಮೇಲೆ ಹನಿ ಹನಿ ಹಾಕಿ ಒಣಗಿಸಿ ಪದರ ಮಾಡಿ ಕಳಿಸಿ. ಇದೇ ಲೆಕ್ಕ ತಿರುಗಿಸಿ ಹಿಡಿದರೆ ಒಳ್ಳೆಯ ಪರೀಕ್ಷೆ. 100 ಮಿಲಿಲೀಟರಿನಿಂದ 40 ಮಿಲಿಗ್ರಾಂ ಪುಡಿ ಬಂತು ಅಂದರೆ ಖುಷಿ ಪಡಬೇಡಿ. ಅದರಲ್ಲಿ ಮುಕ್ಕಾಲು ಪಾಲು ಬೆಳ್ಳಿ ಅಲ್ಲ, ಸರಿಯಾಗಿ ತೊಳೆಯದ ಕಷಾಯ.

ತೊಳೆಯಲು ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಕಣಗಳನ್ನು ತಳಕ್ಕೆ ಕೂರಿಸುವ ಯಂತ್ರ) ಬೇಕು, ನಿಮಿಷಕ್ಕೆ 10,000 ಸುತ್ತು (ಆರ್‌ಪಿಎಂ) ಅಥವಾ ಅದಕ್ಕೂ ಜಾಸ್ತಿ, 15-20 ನಿಮಿಷ. ಎದುರುಬದುರು ಟ್ಯೂಬುಗಳ ತೂಕ ಸಮ ಇರಲಿ. 4,000 ತಿರುಗುವ ಹಳೆಯ ಯಂತ್ರದಲ್ಲಿ ಸಣ್ಣ ಕಣ ಕೆಳಗೆ ಕೂರುವುದಿಲ್ಲ. ಮೇಲಿನ ನೀರು ಇನ್ನೂ ಕಂದಾಗಿದ್ದರೆ ಮಾಲು ಅದರಲ್ಲೇ ಇದೆ, ಚೆಲ್ಲಬೇಡಿ. ಕೆಳಗೆ ಕೂತದ್ದನ್ನು ಡಿಸ್ಟಿಲ್ಡ್ ನೀರಿನಲ್ಲಿ ಕದಡಿ ಮತ್ತೆ ತಿರುಗಿಸಿ, ಹೀಗೆ ಮೂರು ಸಲ. ಒಣಗಿಸುವುದಾದರೆ ಓವನ್‌ನಲ್ಲಿ 50-60 ಡಿಗ್ರಿ ಸಾಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಬೇಕಾದ ಪಾಲನ್ನು ಮಾತ್ರ ಒಣಗಿಸಬೇಡಿ. ಒಮ್ಮೆ ಒಣಗಿ ಅಂಟಿಕೊಂಡ ಕಣಗಳು ಮತ್ತೆ ಮೊದಲಿನ ಹಾಗೆ ಬಿಡಿಯಾಗುವುದು ಕಷ್ಟ.

ಎಕ್ಸ್‌ಆರ್‌ಡಿ ಮತ್ತು ಉಳಿದ ಪರೀಕ್ಷೆಗಳು

ದೊಡ್ಡ ಯಂತ್ರಗಳು ಪ್ರತಿ ಕಾಲೇಜಿನಲ್ಲಿ ಇರುವುದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹೊರಗಿನವರ ಮಾದರಿಗಳನ್ನೂ ಶುಲ್ಕಕ್ಕೆ ಪರೀಕ್ಷಿಸುತ್ತವೆ. ದೇಶದ ಸಂಶೋಧನಾ ಯಂತ್ರಗಳ ಪಟ್ಟಿ ಇರುವ ಐ-ಸ್ಟೆಮ್ ಪೋರ್ಟಲಿನಲ್ಲಿ ಯಾವ ಯಂತ್ರ ಎಲ್ಲಿದೆ ಅಂತ ಹುಡುಕಿ ಬುಕ್ ಮಾಡಬಹುದು. ಸರದಿ ಇರುತ್ತದೆ, ಪರೀಕ್ಷೆ ಹತ್ತಿರ ಬಂದಾಗ ಓಡಬೇಡಿ.

ದುಡ್ಡು ಒಂದೇ ಪರೀಕ್ಷೆಗೆ ಸಾಕಾಗುವಷ್ಟಿದ್ದರೆ ಎಕ್ಸ್‌ಆರ್‌ಡಿ ಮಾಡಿಸಿ. ತಾಮ್ರದ ಎಕ್ಸ್-ಕಿರಣ ಬಳಸಿದಾಗ ಲೋಹದ ಬೆಳ್ಳಿಯ ಶಿಖರಗಳು 38.1, 44.3, 64.4, 77.4 ಡಿಗ್ರಿ ಕೋನಗಳ (2θ) ಹತ್ತಿರ ಬರುತ್ತವೆ. ಸಿಲ್ವರ್ ಕ್ಲೋರೈಡಿನದು 27.8, 32.2, 46.2ರ ಹತ್ತಿರ. 32.2ರಲ್ಲಿ ಶಿಖರ ಕಂಡಾಗ 'ಇದು ಗಿಡದ ವಸ್ತುವಿನದು' ಅಂತ ಬರೆದು ಮುಂದೆ ಹೋಗುವ ಚಾಳಿ ಇದೆ. ಹಾಗೆ ಮಾಡಬೇಡಿ. ನಿಮ್ಮ ನೀರು, ಗಾಜು, ಎಲೆ ಮೂರನ್ನೂ ಮತ್ತೆ ನೋಡಿ. ಶಿಖರದ ಅಗಲದಿಂದ ಗಾತ್ರ ಲೆಕ್ಕ ಹಾಕುವ ಷೆರರ್ ಸೂತ್ರದಿಂದ ಬರುವುದು ಸ್ಫಟಿಕದ ಗಾತ್ರ, ಇಡೀ ಕಣದ್ದಲ್ಲ. ಕಣದ ಗಾತ್ರಕ್ಕೆ ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಬೇಕು. ಡಿಎಲ್‌ಎಸ್ (ದ್ರಾವಣದಲ್ಲಿ ಬೆಳಕು ಚದುರುವುದನ್ನು ನೋಡಿ ಅಳೆಯುವ ವಿಧಾನ) ತೋರಿಸುವ ಗಾತ್ರ ಟಿಇಎಂಗಿಂತ ಜಾಸ್ತಿ ಬಂದರೆ ಗಾಬರಿ ಬೇಡ, ಅದು ಕಣದ ಸುತ್ತಲಿನ ಹೊದಿಕೆ ಮತ್ತು ನೀರನ್ನೂ ಸೇರಿಸಿ ಅಳೆಯುತ್ತದೆ. ಎಫ್‌ಟಿಐಆರ್ (ಅವಕೆಂಪು ಕಿರಣದ ಪರೀಕ್ಷೆ) ನೋಡಿ 'ಈ ಫ್ಲೇವನಾಯ್ಡೇ ಕೆಲಸ ಮಾಡಿದೆ' ಅಂತ ಹೇಳಲಾಗದು. ಯಾವ ಬಗೆಯ ರಾಸಾಯನಿಕ ಗುಂಪುಗಳಿವೆ ಅನ್ನುವಷ್ಟು ಮಾತ್ರ ಅದು ಹೇಳುತ್ತದೆ.

ಬ್ಯಾಕ್ಟೀರಿಯಾ ಪರೀಕ್ಷೆ

ಸೂಕ್ಷ್ಮಜೀವಿ ಲ್ಯಾಬಿನಲ್ಲಿ, ಅದನ್ನು ಬಲ್ಲವರ ಜೊತೆ ಮಾತ್ರ ಮಾಡಿ. ತಟ್ಟೆಯಲ್ಲಿ ನ್ಯಾನೋ ಕಣದ ಜೊತೆ ಕಷಾಯ, ಡಿಸ್ಟಿಲ್ಡ್ ನೀರು, ಆ್ಯಂಟಿಬಯಾಟಿಕ್ ಇರಲಿ. ಅಷ್ಟೇ ಬೆಳ್ಳಿ ಇರುವ ಸಿಲ್ವರ್ ನೈಟ್ರೇಟ್ ಕೂಡ ಇರಲೇಬೇಕು. ಬ್ಯಾಕ್ಟೀರಿಯಾ ಕೊಂದದ್ದು ಕಣವೋ, ಕ್ರಿಯೆಯಾಗದೆ ಉಳಿದ ಬೆಳ್ಳಿ ಅಯಾನೋ ಅನ್ನೋದು ಹೋಲಿಸಿ ನೋಡದೆ ತಿಳಿಯಲ್ಲ. ಬ್ಯಾಕ್ಟೀರಿಯಾ ಬೆಳೆಸುವ ನ್ಯೂಟ್ರಿಯೆಂಟ್ ಅಗಾರಿನಲ್ಲಿ ಉಪ್ಪು ಇರುತ್ತದೆ, ಅದು ಅಯಾನನ್ನು ಹಿಡಿದಿಡುತ್ತದೆ. ಅದರ ಬದಲು ಮುಲ್ಲರ್-ಹಿಂಟನ್ ಅಗಾರ್ ಬಳಸಿ. ಮುಗಿದ ತಟ್ಟೆಗಳನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡದೆ ಬಿಸಾಡಬೇಡಿ.

ಫಲಿತಾಂಶ ಚೆನ್ನಾಗಿ ಬಂತು ಅಂತ ಯಾರೂ ಇದನ್ನು ಗಾಯಕ್ಕೆ ಹಚ್ಚುವುದು, ಕುಡಿಯುವುದು ಮಾಡಬಾರದು. ಬೆಳ್ಳಿ ದ್ರಾವಣವನ್ನು ಬಹಳ ಕಾಲ ಕುಡಿದವರ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಿ ಹಾಗೇ ಉಳಿದಿದೆ. ಔಷಧವಾಗಿ ಮಾರುವ ಕೊಲಾಯ್ಡಲ್ ಬೆಳ್ಳಿ ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1999ರಲ್ಲೇ ಹೇಳಿದೆ.

ಉಳಿದದ್ದನ್ನು ಏನು ಮಾಡುವುದು?

ಸಿಂಕಿಗೆ ಸುರಿಯಬೇಡಿ. ಮೋರಿ ಸೇರಿದ ಬೆಳ್ಳಿ ಕೆರೆ, ಹಳ್ಳ ಸೇರುತ್ತದೆ, ನೀರಿನ ಸಣ್ಣ ಜೀವಿಗಳಿಗೆ ಅದು ವಿಷ. ಒಂದು ಹಳೆಯ ಬಾಟಲಿಗೆ 'ಬೆಳ್ಳಿ ತ್ಯಾಜ್ಯ' ಅಂತ ಚೀಟಿ ಅಂಟಿಸಿ, ಮಿಕ್ಕ ಸಿಲ್ವರ್ ನೈಟ್ರೇಟ್, ಸೆಂಟ್ರಿಫ್ಯೂಜಿನ ಮೇಲಿನ ನೀರು, ಗಾಜು ಜಾಲಿಸಿದ ಮೊದಲ ನೀರು ಎಲ್ಲವನ್ನೂ ಅದಕ್ಕೇ ಹಾಕಿ. ತುಂಬಿದಾಗ ಅಡುಗೆ ಉಪ್ಪಿನ ನೀರು ಬೆರೆಸಿ ಒಂದು ರಾತ್ರಿ ಬಿಡಿ. ಇಷ್ಟು ಹೊತ್ತು ದೂರ ಇಟ್ಟ ಕ್ಲೋರೈಡ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಯಾನಾಗಿ ಉಳಿದಿದ್ದ ಬೆಳ್ಳಿ ಬಿಳಿ ಗಸಿಯಾಗಿ ತಳ ಸೇರುತ್ತದೆ, ನ್ಯಾನೋ ಕಣಗಳೂ ಉಪ್ಪಿಗೆ ಹೆಚ್ಚಾಗಿ ಗುಂಪುಗಟ್ಟಿ ಕೆಳಗೆ ಇಳಿಯುತ್ತವೆ. ಗಸಿಯನ್ನು ಸೋಸಿ, ಕಾಗದದ ಸಮೇತ ಒಣಗಿಸಿ, ಡಬ್ಬಿಗೆ ಹಾಕಿ ಲ್ಯಾಬಿನ ಉಸ್ತುವಾರಿಯವರಿಗೆ ಕೊಡಿ. ಸೋಸಿದ ನೀರು ಇನ್ನೂ ಕಂದಾಗಿದ್ದರೆ ಅದರಲ್ಲಿ ಬೆಳ್ಳಿ ಉಳಿದಿರಬಹುದು. ಅದನ್ನೂ ಚೆಲ್ಲದೆ ಮುಂದಿನ ಬ್ಯಾಚಿನ ತ್ಯಾಜ್ಯದ ಬಾಟಲಿಗೆ ಹಾಕಿಡಿ.